ತಿಂಗಳ ಮಧ್ಯದಲ್ಲಿ ಬರೋ ಹೊಟ್ಟೆನೋವು

ಪ್ರಶ್ನೆ: ಮೇಡಂ, ನಂಗೆ 24 ವರ್ಷ. ಮುಟ್ಟಾಗಿ ಸರಿಯಾಗಿ ಎರಡು ವಾರಕ್ಕೆ ಕಿಬ್ಬೊಟ್ಟೆಯ ಒಂದೇ ಕಡೆ ಚುಳುಕ್ ಅಂತ ನೋವು ಬರುತ್ತೆ, ಹೋದ ತಿಂಗಳು ಎಡಗಡೆ ಇತ್ತು, ಈ ಸಲ ಬಲಗಡೆ, ಬಸ್ಸಲ್ಲಿ ನಿಂತಿದ್ದವಳು ಕಂಬಿ ಹಿಡ್ಕೊಂಡು ಬಗ್ಗಿಬಿಟ್ಟೆ. ಅಮ್ಮ ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕೊಡ್ತಾರೆ. ಏನಿದು?

ಉತ್ತರ: ನೋಡಮ್ಮ, ನೀನು ಬರೆದಿರೋದು ನೋಡಿದ್ರೆ ಇದು ಓವ್ಯುಲೇಷನ್ ನೋವು ಅನ್ಸುತ್ತೆ. ಮುಂದಿನ ಮುಟ್ಟಿಗೆ ಸುಮಾರು 14 ದಿನ ಮುಂಚೆ ಅಂಡಾಶಯದಲ್ಲಿ ನೀರುಗುಳ್ಳೆ ಥರ ಊದ್ಕೊಂಡಿರೋ ಕೋಶ ಒಡೆದು ಅಂಡಾಣು ಹೊರಗೆ ಬರುತ್ತೆ, ಆಗ ಚೆಲ್ಲೋ ದ್ರವ, ಒಂಚೂರು ರಕ್ತ ಹೊಟ್ಟೆಯ ಒಳಪದರಕ್ಕೆ ತಾಗಿ ನೋವಾಗುತ್ತೆ. ಯಾವ ಕಡೆ ಅಂಡಾಶಯ ಕೆಲಸ ಮಾಡ್ತೋ ಆ ಕಡೆ ನೋವು, ಅದಕ್ಕೇ ಸೈಡ್ ಬದಲಾಗೋದು. ಕೆಲವು ನಿಮಿಷದಿಂದ ಒಂದೆರಡು ದಿನದ ತನಕ ಇರಬಹುದು, ಬಿಸಿನೀರಿನ ಬ್ಯಾಗು ಇಟ್ಕೋ, ಬೇಕಿದ್ರೆ ಪ್ಯಾರಾಸಿಟಮಾಲ್ ಸಾಕು. ಡೇಟು, ಯಾವ ಕಡೆ ಅಂತ ಮೂರು ತಿಂಗಳು ಕ್ಯಾಲೆಂಡರಲ್ಲಿ ಬರೆದಿಡು, ಡಾಕ್ಟರಿಗೆ ತುಂಬ ಉಪಯೋಗ ಆಗುತ್ತೆ.

ಆದ್ರೆ ಜ್ವರ, ವಾಂತಿ, ತಲೆಸುತ್ತು, ಜಾಸ್ತಿ ಬ್ಲೀಡಿಂಗ್, ಅಥವಾ ಸಹಿಸೋಕಾಗದ ನೋವು ಇದ್ರೆ ಕಾಯಬೇಡ, ರಾತ್ರಿಯಾದ್ರೂ ಆಸ್ಪತ್ರೆಗೆ ಹೋಗು. ಬಲಗಡೆ ನೋವು ಅಪೆಂಡಿಕ್ಸ್ ಇರಬಹುದು, ಅಂಡಾಶಯ ತಿರುಚಿಕೊಂಡಿರಬಹುದು, ಮುಟ್ಟು ತಪ್ಪಿದ್ರೆ ಗರ್ಭಕೋಶದ ಹೊರಗೆ ಗರ್ಭ ನಿಂತಿರಬಹುದು. ಪ್ರತಿ ತಿಂಗಳೂ ನೋವು ಹೆಚ್ಚಾಗ್ತಾ ಹೋದ್ರೂ ಸ್ತ್ರೀರೋಗ ತಜ್ಞರಿಗೆ ತೋರಿಸು, ಮದುವೆಯಾಗಿಲ್ಲ ಅಂತ ಸಂಕೋಚ ಖಂಡಿತ ಬೇಡ.