ಮಿರ್-200 ಪೊಲೀಸೂ ಅಲ್ಲ, ಕಳ್ಳನೂ ಅಲ್ಲ

ನಮಸ್ಕಾರ,

ದೊಡ್ಡ ಕರುಳಿನ ಕ್ಯಾನ್ಸರ್ ಹರಡುವುದರಲ್ಲಿ ಮೈಕ್ರೋಆರ್‌ಎನ್‌ಎಗಳ ಪಾತ್ರ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಕೈಬಿಡಲೂ ಮನಸ್ಸಿಲ್ಲ, ಹಾಗಾಗಿ ಬಿಚ್ಚಿ ಹೇಳುತ್ತೇನೆ.

ಮೈಕ್ರೋಆರ್‌ಎನ್‌ಎ ಪತ್ತೆಯಾದ 1993ರ ಹುಳುವಿನ ಸಂಶೋಧನೆ, ಅದನ್ನು ಮಾಡಿದ ಆಂಬ್ರೋಸ್ ಮತ್ತು ರವ್ಕುನ್, ಅವರಿಗೆ ಸಿಕ್ಕ 2024ರ ನೊಬೆಲ್ ಇವಕ್ಕೇ ಮೊದಲ ಪುಟಗಳು ಮುಗಿದಿವೆ. ಮೈಕ್ರೋಆರ್‌ಎನ್‌ಎ ಎಂಬ ಸುಮಾರು 22 ಅಕ್ಷರಗಳ ಪುಟ್ಟ ಆರ್‌ಎನ್‌ಎ ತುಣುಕು, ಪ್ರೋಟೀನಿನ ಸೂಚನೆ ಹೊತ್ತ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಪ್ರೋಟೀನ್ ತಯಾರಿಯನ್ನು ತಗ್ಗಿಸುತ್ತದೆ. ಓದುಗರಿಗೆ ಇಷ್ಟು ಸಾಕು.

ನನ್ನ ದೊಡ್ಡ ತಕರಾರು ಬೇರೆ. ಮಿರ್-21 ಎಂಬ ಮೈಕ್ರೋಆರ್‌ಎನ್‌ಎ ಕ್ಯಾನ್ಸರ್‌ಗೆ ನೆರವಾಗುವ ಕಳ್ಳ, ಮಿರ್-200 ಅದನ್ನು ತಡೆಯುವ ಪೊಲೀಸ್ ಎಂದು ಬರೆದಿದ್ದೀರಿ. ಮಿರ್-21ರ ಮಟ್ಟಿಗೆ ಹೇಗೋ ನಡೆದೀತು. ಗಡ್ಡೆಗೆ ಕಡಿವಾಣ ಹಾಕುವ ಪಿಡಿಸಿಡಿ4 ಪ್ರೋಟೀನನ್ನು ಅದು ತಗ್ಗಿಸುತ್ತದೆ, ಕೋಶಗಳು ನುಗ್ಗುವುದು ಸುಲಭವಾಗುತ್ತದೆ. ಮಿರ್-200 ಹಾಗಲ್ಲ. ಕೋಶಗಳನ್ನು ಬೆಸೆಯುವ ಇ-ಕ್ಯಾಡ್‌ಹೆರಿನ್ ಪ್ರೋಟೀನನ್ನು ತಗ್ಗಿಸುವ ಝೆಬ್1 ಎಂಬ ಇನ್ನೊಂದು ಪ್ರೋಟೀನನ್ನು ಅದು ಅದುಮುತ್ತದೆ, ಇದರಿಂದ ಇ-ಕ್ಯಾಡ್‌ಹೆರಿನ್ ಉಳಿದು ಕೋಶಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಇತ್ತ ಝೆಬ್1 ಕೂಡ ಮಿರ್-200ರ ತಯಾರಿಯನ್ನೇ ಅದುಮುತ್ತದೆ. ಯಾರ ಕೈ ಮೇಲಾಯಿತೋ ಕೋಶ ಆ ಕಡೆ ವಾಲುತ್ತದೆ. ಗಡ್ಡೆಯ ಅಂಚಿನಲ್ಲಿ, ಪಕ್ಕದ ಅಂಗಾಂಶಕ್ಕೆ ನುಗ್ಗುತ್ತಿರುವ ಕೋಶಗಳಲ್ಲಿ, ಮಿರ್-200 ಕುಟುಂಬದ ಮಿರ್-200ಸಿ ಕುಸಿದಿರುತ್ತದೆ. ಕ್ಯಾನ್ಸರ್ ಹರಡಿ ಯಕೃತ್ತಿನಲ್ಲಿ ಹೊಸದಾಗಿ ಬೆಳೆದ ಗಡ್ಡೆಯಲ್ಲಿ ಅಳೆದಾಗ ಅದೇ ಮಿರ್-200ಸಿ ಮೂಲ ಗಡ್ಡೆಗಿಂತ ಹೆಚ್ಚಿರುವುದು ಕಂಡಿದೆ! ಬಿಡಿಸಿಕೊಂಡು ಹೊರಡುವಾಗ ಇಳಿಕೆ, ಹೊಸ ಜಾಗದಲ್ಲಿ ನೆಲೆಯೂರುವಾಗ ಏರಿಕೆ. ಈ ಸಂಗತಿ ನಿಮ್ಮ ಲೇಖನದಲ್ಲೇ ಇದೆ, ಆದರೆ ಒಂದೇ ವಾಕ್ಯದಲ್ಲಿ, ಕೊನೆಯ ಪುಟಕ್ಕಿಂತ ಸ್ವಲ್ಪ ಮೊದಲು. ಅದನ್ನು ಎತ್ತಿ ಮುಂದಕ್ಕೆ ತನ್ನಿ. ನಿಮ್ಮ ಲೇಖನದ ಜೀವ ಇರುವುದೇ ಅಲ್ಲಿ.

ಮಿರ್-143, ಮಿರ್-145 ಎಂಬ ಬೇರೆರಡು ಮೈಕ್ರೋಆರ್‌ಎನ್‌ಎಗಳು ಗಡ್ಡೆಯಲ್ಲಿ ಕಡಿಮೆ, ಆದ್ದರಿಂದ ಕ್ಯಾನ್ಸರ್ ಕೋಶಗಳು ಅವನ್ನು ಕಳೆದುಕೊಂಡಿವೆ ಎಂದಿದ್ದೀರಿ. ಅವು ಹೆಚ್ಚಾಗಿ ಇರುವುದು ಕರುಳಿನ ಒಳಪದರದ ಕೋಶಗಳಲ್ಲಲ್ಲ, ಸುತ್ತಲಿನ ಸ್ನಾಯು ಮತ್ತು ಆಧಾರ ಅಂಗಾಂಶದಲ್ಲಿ. ಗಡ್ಡೆಯ ಇಡೀ ತುಂಡನ್ನು ಅರೆದು ಅಳೆದರೆ, ಆ ಅಂಗಾಂಶದ ಪಾಲು ಕಡಿಮೆಯಾದದ್ದಕ್ಕೇ ಲೆಕ್ಕ ಇಳಿದಿರಬಹುದು. ಈ ಪ್ಯಾರಾ ತಿದ್ದಲೇಬೇಕು.

ಇನ್ನು ಕೊನೆಯ ಪುಟ. ಔಷಧ ಇನ್ನೇನು ಬಂದೇಬಿಟ್ಟಿತು ಎಂಬ ಧಾಟಿ ನನಗೆ ಒಪ್ಪಿಗೆಯಿಲ್ಲ. ಈ ಕಾಯಿಲೆ ಇರುವವರೂ ಅವರ ಮನೆಯವರೂ ಇದನ್ನು ಓದುತ್ತಾರೆ. ಮಿರ್-34ಎ ಎಂಬ ಮತ್ತೊಂದು ಮೈಕ್ರೋಆರ್‌ಎನ್‌ಎಯನ್ನು ಅನುಕರಿಸುವ ಎಂಆರ್‌ಎಕ್ಸ್34 ಔಷಧದ ಪ್ರಯೋಗವನ್ನು ರೋಗನಿರೋಧಕ ವ್ಯವಸ್ಥೆಯ ತೀವ್ರ ಅಡ್ಡಪರಿಣಾಮಗಳಿಂದಾಗಿ 2016ರಲ್ಲಿ ನಿಲ್ಲಿಸಬೇಕಾಯಿತು. ಅದನ್ನೂ ಬರೆಯಿರಿ. ಒಂದೇ ಮೈಕ್ರೋಆರ್‌ಎನ್‌ಎ ಹತ್ತಾರು ಪ್ರೋಟೀನುಗಳನ್ನು ಮುಟ್ಟುವುದರಿಂದ ಅದನ್ನು ಔಷಧವಾಗಿಸುವುದು ಯಾಕೆ ಕಷ್ಟ ಎಂದು ವಿವರಿಸಿ.

ಯಕೃತ್ತಿನ ಗಡ್ಡೆಯಿಂದಲೇ ಶುರುಮಾಡಿ, ಅರ್ಧದಷ್ಟು ಉದ್ದಕ್ಕೆ ಇಳಿಸಿ ಮತ್ತೆ ಕಳಿಸಿ. ಬಂದ ಕೂಡಲೇ ಓದುತ್ತೇನೆ.

ಸಂಪಾದಕ