‘ಫೈವ್-ಇಯರ್-ಓಲ್ಡ್’ ಸರಿಯೋ, ‘ಫೈವ್ ಇಯರ್ಸ್ ಓಲ್ಡ್’ ಸರಿಯೋ?

ಎರಡೂ ಸರಿ, ವಾಕ್ಯದಲ್ಲಿ ಅವು ನಿಲ್ಲುವ ಜಾಗ ಮಾತ್ರ ಬೇರೆ. ನಾಮಪದಕ್ಕಿಂತ ಮೊದಲು ಬಂದಾಗ ಮೂರು ಪದಗಳೂ ಅಡ್ಡಗೆರೆಯಿಂದ ಬೆಸೆದುಕೊಂಡು ಒಂದೇ ವಿಶೇಷಣವಾಗುವುದರಿಂದ, ಸಂಖ್ಯೆ ಎಷ್ಟೇ ಇದ್ದರೂ ‘ಇಯರ್’ ಏಕವಚನದಲ್ಲೇ ಉಳಿಯುತ್ತದೆ: ‘ಶಿ ಹ್ಯಾಸ್ ಎ ಫೈವ್-ಇಯರ್-ಓಲ್ಡ್ ಸನ್’. ಕನ್ನಡದಲ್ಲೂ ನಾವು ಸಾಮಾನ್ಯವಾಗಿ ‘ಐದು ವರ್ಷದ ಮಗ’ ಎನ್ನುತ್ತೇವೆಯೇ ಹೊರತು ‘ಐದು ವರ್ಷಗಳ ಮಗ’ ಎನ್ನುವುದಿಲ್ಲವಾದ್ದರಿಂದ, ಈ ನಿಯಮ ನಮಗೆ ಅಪರಿಚಿತವೇನಲ್ಲ. ಕ್ರಿಯಾಪದದ ನಂತರ ಬಂದರೆ ಅಡ್ಡಗೆರೆ ಹೋಗಿ ಬಹುವಚನ ಬರುತ್ತದೆ: ‘ಹರ್ ಸನ್ ಈಸ್ ಫೈವ್ ಇಯರ್ಸ್ ಓಲ್ಡ್’. ‘ಫೈವ್-ಇಯರ್ಸ್-ಓಲ್ಡ್ ಸನ್’ ಎಂಬ ಬೆರಕೆ ರೂಪವೇ ಹೆಚ್ಚಾಗಿ ಕಾಣುವ ತಪ್ಪು. ಇದೇ ಪದವನ್ನು ನಾಮಪದವಾಗಿ ಬಳಸಿ ಆ ವಯಸ್ಸಿನ ಮಕ್ಕಳನ್ನು ಸೂಚಿಸುವಾಗ ಬಹುವಚನ ಪ್ರತ್ಯಯವು ಕೊನೆಯ ಪದಕ್ಕೆ ಸೇರಿ ‘ಫೈವ್-ಇಯರ್-ಓಲ್ಡ್ಸ್’ ಆಗುತ್ತದೆ.