ಚೆಂಡು ಹಿಡಿದು ನುಗ್ಗುವವನ ಬೆಲೆ

ತಮ್ಮಾ,

ಫಿಲಡೆಲ್ಫಿಯಾಕ್ಕೆ ಬಂದು ಎರಡು ತಿಂಗಳಾಯಿತು, ಸೋಮವಾರ ಊಟದ ಹೊತ್ತಿಗೆ ಕಚೇರಿಯವರೆಲ್ಲ ಅಮೆರಿಕನ್ ಫುಟ್‌ಬಾಲ್ ಮಾತಿಗಿಳಿದರೆ ಸುಮ್ಮನೆ ಕೂತಿರುತ್ತೇನೆ ಎಂದು ಬರೆದಿದ್ದೀಯ. 'ರನ್ನಿಂಗ್ ಬ್ಯಾಕ್‌ಗೆ ಅಷ್ಟು ದುಡ್ಡು ಕೊಡಬಹುದೇ' ಎಂದು ಅವರು ಜಗಳವಾಡುವುದೇಕೆ ಎಂದೂ ಕೇಳಿದ್ದೀಯ. ನನಗೆ ಬಲು ಇಷ್ಟದ ಜಗಳ ಅದು.

ಆಟ ನಡೆಸುವ, ಚೆಂಡೆಸೆಯುವ ಕ್ವಾರ್ಟರ್‌ಬ್ಯಾಕ್‌ನ ಕೈಯಿಂದ ಚೆಂಡು ಪಡೆದು ಎದುರಾಳಿಗಳ ನಡುವೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ನಮ್ಮ ಕಬಡ್ಡಿಯ ರೈಡರ್ ಹಿಡಿತ ಬಿಡಿಸಿಕೊಂಡು ಹಿಂದಕ್ಕೆ ಬರಬೇಕು. ಇವನು ಮುಂದಕ್ಕೇ ಹೋಗಬೇಕು, ಪ್ರತಿ ಸಲವೂ ಪೆಟ್ಟು ತಿನ್ನಬೇಕು. 1993ರಲ್ಲಿ ಡಲ್ಲಾಸ್ ತಂಡದ ರನ್ನಿಂಗ್ ಬ್ಯಾಕ್ ಎಮಿಟ್ ಸ್ಮಿತ್ ಸಂಬಳಕ್ಕಾಗಿ ಹಟ ಹಿಡಿದು ಹೊರಗೆ ಕೂತಾಗ ತಂಡ ಮೊದಲೆರಡು ಪಂದ್ಯ ಸೋತಿತು. ಮಾಲೀಕರು ಮಣಿದರು, ತಂಡ ಋತುವಿನ ಕೊನೆಯ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು. ಆಗ ಅವನಿಗಿದ್ದ ಬೆಲೆ ಅದು.

ಆಮೇಲೆ ನಿಯಮಗಳು ಚೆಂಡೆಸೆಯುವವರ ಪರವಾಗಿ ಸಡಿಲವಾದವು, ಓಟಕ್ಕಿಂತ ಎಸೆತ ಲಾಭದ್ದಾಯಿತು. ಮಾಲೀಕರಿಗೂ ಆಟಗಾರರ ಸಂಘಕ್ಕೂ ಆದ 2011ರ ಒಪ್ಪಂದ ಹೊಸ ಆಟಗಾರರ ಮೊದಲ ನಾಲ್ಕು ವರ್ಷದ ಸಂಬಳವನ್ನು ಕಟ್ಟಿಹಾಕಿತು. ರನ್ನಿಂಗ್ ಬ್ಯಾಕ್‌ನ ಮೊಣಕಾಲು ಗಟ್ಟಿಯಾಗಿರುವುದೂ ಅದೇ ವರ್ಷಗಳಲ್ಲಿ. ಟಾಡ್ ಗರ್ಲಿ ಎಂಬ ರನ್ನಿಂಗ್ ಬ್ಯಾಕ್‌ಗೆ 2018ರಲ್ಲಿ 5.75 ಕೋಟಿ ಡಾಲರ್ ಒಪ್ಪಿದ ತಂಡ 2020ರಲ್ಲಿ ಅವನನ್ನು ಕೈಬಿಟ್ಟಿತು. ಉಳಿದ ಮಾಲೀಕರೂ ಹಿಂಜರಿದರು.

2023ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ತನ್ನ ರನ್ನಿಂಗ್ ಬ್ಯಾಕ್ ಸಾಕ್ವಾನ್ ಬಾರ್ಕ್ಲಿಗೆ ದೀರ್ಘ ಒಪ್ಪಂದ ಕೊಡದೆ, ಸುಮಾರು ಒಂದು ಕೋಟಿ ಡಾಲರ್‌ಗೆ 'ಫ್ರಾಂಚೈಸ್ ಟ್ಯಾಗ್' ಹಾಕಿ ಒಂದು ವರ್ಷ ಹಿಡಿದಿಟ್ಟುಕೊಂಡಿತು. ಹಣ ಕಡಿಮೆಯದಲ್ಲ, ನಿಜ. ಆದರೆ ತನ್ನ ಬೆಲೆಯೆಷ್ಟು ಎಂದು ಬೇರೆ ಬಾಗಿಲು ತಟ್ಟಿ ಕೇಳುವ ದಾರಿ ಮುಚ್ಚಿತು. ಕಂಪನಿಯ ಹೆಸರಿಗೆ ಕಟ್ಟಿಕೊಂಡ ವೀಸಾದಲ್ಲಿ ಬಂದವನು ನೀನು. ಅದು ಎಲ್ಲಿ ಚುಚ್ಚುತ್ತದೆಂದು ನಾನು ಹೇಳಬೇಕಿಲ್ಲ. ಇದು ಅನ್ಯಾಯ ಎಂದೇ ನಾನು ವಾದಿಸುತ್ತೇನೆ.

ಮರುವರ್ಷ ಬಾರ್ಕ್ಲಿ ನಮ್ಮ ಫಿಲಡೆಲ್ಫಿಯಾದ ಈಗಲ್ಸ್ ತಂಡಕ್ಕೆ ಬಂದ. ನವೆಂಬರ್‌ನಲ್ಲಿ ಜಾಕ್ಸನ್‌ವಿಲ್ ವಿರುದ್ಧದ ಪಂದ್ಯದಲ್ಲಿ ಚೆಂಡು ಹಿಡಿದವನು ಒಬ್ಬನನ್ನು ತಪ್ಪಿಸಿ, ಗಿರ್ರನೆ ತಿರುಗಿ, ಇನ್ನೊಬ್ಬನತ್ತ ಬೆನ್ನು ಮಾಡಿಕೊಂಡೇ ಅವನ ತಲೆಯ ಮೇಲಿಂದ ಹಿಮ್ಮುಖವಾಗಿ ಹಾರಿದ. ಪಕ್ಕದ ಮನೆಯ ಸೋಫಾದಲ್ಲಿ ಕೂತಿದ್ದ ನಾನು ಎದ್ದು ನಿಂತೆ. ಎಂಬತ್ತು ದಾಟಿದ ಆ ಮನೆಯ ಅಜ್ಜ ನನ್ನ ತೋಳು ಹಿಡಿದು ಬಿಡಲೇ ಇಲ್ಲ. ಆ ಋತುವಿನಲ್ಲಿ ಬಾರ್ಕ್ಲಿ ಓಡಿದ್ದು 2,005 ಗಜ. ಫೆಬ್ರವರಿಯಲ್ಲಿ ಸೂಪರ್ ಬೌಲ್ ನಮ್ಮದಾಯಿತು. ಮಾರ್ಚ್‌ನಲ್ಲಿ ವರ್ಷಕ್ಕೆ ಎರಡು ಕೋಟಿ ಡಾಲರ್ ದಾಟಿದ ಮೊದಲ ರನ್ನಿಂಗ್ ಬ್ಯಾಕ್ ಆದ.

ಕಚೇರಿಯಲ್ಲಿ ಒಬ್ಬರಾದರೂ 'ಅದು ಅವನಿಂದಲ್ಲ, ಎದುರಾಳಿಗಳನ್ನು ತಳ್ಳಿ ದಾರಿ ಮಾಡಿಕೊಡುವ ಮುಂದಿನ ಸಾಲಿನವರಿಂದ' ಎನ್ನುತ್ತಾರೆ. ಆ ಮಾತಿನಲ್ಲೂ ಹುರುಳಿದೆ. ಆ ಸಾಲಿನ ಜಾರ್ಡನ್ ಮೈಲಾಟಾ ಆಸ್ಟ್ರೇಲಿಯಾದ ರಗ್ಬಿ ಹುಡುಗ. 2018ರಲ್ಲಿ ಈಗಲ್ಸ್ ಅವನನ್ನು ಆರಿಸಿಕೊಂಡಾಗ ಈ ಆಟದ ಒಂದು ಪಂದ್ಯವನ್ನೂ ಆಡಿರಲಿಲ್ಲ.

ಬರುವ ಭಾನುವಾರ ಮಧ್ಯಾಹ್ನ ಮನೆಗೆ ಬಾ. ನಿನ್ನ ಅತ್ತಿಗೆ ಬಿಸಿಬೇಳೆಬಾತ್ ಮಾಡುತ್ತಾಳೆ. ಮೊದಲ ಹತ್ತು ನಿಮಿಷ ಚೆಂಡಿನ ಹಿಂದೆ ಕಣ್ಣು ಓಡಿಸಬೇಡ. 68ನೇ ಸಂಖ್ಯೆಯ ಮೈಲಾಟಾನನ್ನೇ ನೋಡುತ್ತಿರು, ಅವನು ಎದುರಾಳಿಯನ್ನು ತಳ್ಳಿದ ಸಂದಿಯಲ್ಲೇ ಬಾರ್ಕ್ಲಿ ನುಗ್ಗುವುದು ಕಾಣುತ್ತದೆ.